ಡ್ಯಾಂ ಗೊತ್ತು, ಶಾಲೆಗಳು ಗೊತ್ತಾ?

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ನಾವು ಡಿಪಾರ್ಟ್‌ಮೆಂಟ್ ಮುಂದೆ ಪೇಟ ತೊಟ್ಟ ಸರ್ ಎಂ.ವಿ. ಫೋಟೋ ಇಟ್ಟು ಹಾರ ಹಾಕ್ತೀವಿ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ಬಂದೇ ಬರುತ್ತೆ. ಅವರು ಶುರು ಮಾಡಿದ ಶಾಲೆಗಳ ವಿಷಯ ಬರೋದು ಕಮ್ಮಿ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ಪೂನಾಗೆ ಹೋಗಿ ಇಂಜಿನಿಯರಿಂಗ್ ಓದಿದರು. ಬಾಂಬೆ ಪ್ರಾಂತ್ಯದಲ್ಲಿ ಕೆಲಸದಲ್ಲಿದ್ದಾಗಲೇ 1898ರಲ್ಲಿ ಜಪಾನ್ ನೋಡಿ ಬಂದರು. ಕಾರ್ಖಾನೆ ಬೆಳೆಯಬೇಕಾದರೆ ಅದಕ್ಕೆ ಬೇಕಾದ ಕೆಲಸ ಕಲಿತವರೂ ಬೇಕು ಅನ್ನೋದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

1912ರಲ್ಲಿ ಮೈಸೂರಿನ ದಿವಾನರಾದರು. ಆಗ ಹೆಚ್ಚಿನ ಜನ ಬದುಕುತ್ತಿದ್ದದ್ದು ಬೇಸಾಯದಿಂದ. ಓದಿದವರ ಆಸೆಯೆಲ್ಲ ಸರ್ಕಾರಿ ಕಚೇರಿ ಕಡೆ. ಸರ್ ಎಂ.ವಿ. ಊರಿಗೆ ಯಾವ ಕೆಲಸ ಬೇಕೋ ಅದಕ್ಕೆ ತಕ್ಕ ಓದನ್ನು ತಂದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು, ಅಂದರೆ ಇವತ್ತಿನ ಯುವಿಸಿಇ.

ದಿವಾನಗಿರಿ ಬಿಟ್ಟ ಮೇಲೆ 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ನಷ್ಟದಲ್ಲಿದ್ದದ್ದನ್ನು ದಾರಿಗೆ ತಂದರು. ಆ ಕೆಲಸಕ್ಕೆ ಬರಬೇಕಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆಗೆ ಅದು ಹೋಯಿತು. 1943ರಲ್ಲಿ ಶುರುವಾದ ಆ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟೇ ಈಗಿನ ಎಸ್‌ಜೆ ಪಾಲಿಟೆಕ್ನಿಕ್. ಗುರುದತ್ ಸಿನಿಮಾಗಳ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ.

1962ರಲ್ಲಿ ಸರ್ ಎಂ.ವಿ. ತೀರಿಕೊಂಡರು. ಕೆ.ಆರ್. ಸರ್ಕಲ್‌ಗೆ ಹೋದರೆ ನೋಡಿ, ಯುವಿಸಿಇ ಮತ್ತು ಎಸ್‌ಜೆಪಿ ಹತ್ತಿರ ಹತ್ತಿರವೇ ಇವೆ. ಡಿಗ್ರಿಗೊಂದು, ಡಿಪ್ಲೊಮಾಗೊಂದು. ಎರಡರ ಹಿಂದೆಯೂ ಒಬ್ಬರೇ.

ನಾವು ಮಾತ್ರ ಹತ್ತನೇ ಕ್ಲಾಸ್ ಆದಮೇಲೆ ಡಿಪ್ಲೊಮಾಗೆ ಹೋದವರನ್ನು ಮಾರ್ಕ್ಸ್ ಬರದವರು ಅಂದುಕೊಂಡೇ ಬೆಳೆದ್ವಿ. ನಮ್ಮಲ್ಲಿ ಎಷ್ಟೋ ಜನ ಬ್ರಾಂಚ್ ಆರಿಸಿಕೊಂಡದ್ದು ರ‍್ಯಾಂಕ್ ನೋಡಿ, ನಮ್ಮ ಜಿಲ್ಲೆಯಲ್ಲಿ ಏನು ಕೆಲಸ ಇದೆ ಅಂತ ನೋಡಿ ಅಲ್ಲ. ಈ ವರ್ಷ ಮೂರನೇ ಸೆಮಿಸ್ಟರ್‌ಗೆ ಲ್ಯಾಟರಲ್ ಎಂಟ್ರಿಯವರು ಬಂದರು. ವರ್ಕ್‌ಶಾಪ್‌ನಲ್ಲಿ ಲೇತ್ ಮುಂದೆ ನಾವು ಪುಸ್ತಕ ತಿರುವುತ್ತಾ ನಿಂತಿದ್ದಾಗ, ಮೆಷಿನ್ ಆನ್ ಮಾಡಿ ತೋರಿಸಿದ್ದು ಅವರು. ಮುಂದಿನ ಸೆಪ್ಟೆಂಬರ್ 15ಕ್ಕೆ ಭಾಷಣ ಅವರಿಂದಲೇ ಮಾಡಿಸೋಣ ಅಂತಿದ್ದೀವಿ.