ಮರಗೆಲಸದ ಮಹಾಕುಶಲಿ ಥಾಮಸ್ ಚಿಪ್ಪೆಂಡೇಲ್

ಪ್ರಾಚೀನ ಪೀಠೋಪಕರಣಗಳ ಮಾತು ಬಂದಲ್ಲೆಲ್ಲ ಮೊದಲು ಕೇಳಿಬರುವ ಹೆಸರು ಥಾಮಸ್ ಚಿಪ್ಪೆಂಡೇಲನದು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಓಟ್ಲಿ ಎಂಬ ಪೇಟೆಯಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಈತನಿಗೆ 1718ರ ಜೂನ್ 5ರಂದು ಅಲ್ಲಿಯ ದೇವಾಲಯದಲ್ಲಿ ಜ್ಞಾನಸ್ನಾನವಾಯಿತು. ಲಂಡನ್ನಿಗೆ ಬಂದು 1748ರಲ್ಲಿ ವಿವಾಹವಾದನು. 1754ರಲ್ಲಿ ತನ್ನ ವಿನ್ಯಾಸಗಳನ್ನು 160 ಚಿತ್ರಫಲಕಗಳ ಗ್ರಂಥವಾಗಿ ಅಚ್ಚು ಹಾಕಿಸಿದನು. ಬಡಗಿಯೊಬ್ಬನು ತನ್ನ ವಿದ್ಯೆಯನ್ನು ಹೀಗೆ ಬಹಿರಂಗಪಡಿಸುವುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಮರುವರ್ಷವೇ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು, 22 ಮಂದಿ ಕೆಲಸಗಾರರ ಹತ್ಯಾರಗಳ ಪೆಟ್ಟಿಗೆಗಳು ನಾಶವಾದವು. ಚಿಪ್ಪೆಂಡೇಲನು ಎದೆಗುಂದಲಿಲ್ಲ.

ಅವನ ಉಳಿಗೆ ಒಲಿದ ಮರ ಮಹಾಗನಿ. ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ಬ್ರಿಟಿಷ್ ಸಂಸತ್ತು 1721ರಲ್ಲಿ ತೆಗೆದುಹಾಕಿದ ಬಳಿಕ ಅದು ಜಮೈಕದಿಂದಲೂ, ಮುಂದೆ ಹೊಂಡುರಾಸ್ ಕೊಲ್ಲಿಯ ತೀರದಿಂದಲೂ ಹೇರಳವಾಗಿ ಬರತೊಡಗಿತು. ಆ ತೀರದ ಬೆಲೀಜ್ ನದಿಯ ಕಾಡುಗಳಲ್ಲಿ ಮರವನ್ನು ಹುಡುಕಿ ಕಡಿಯುತ್ತಿದ್ದವರು ಆಫ್ರಿಕದ ಮೂಲದ ಗುಲಾಮರು. ದಿಮ್ಮಿಗಳನ್ನು ದಡಕ್ಕೆ ಎಳೆದು ತಂದು ಮಳೆಗಾಲವನ್ನು ಕಾಯುತ್ತಿದ್ದರು. ನೆರೆ ಏರಿದೊಡನೆ ಅವು ತೇಲುತ್ತ ಅಳಿವೆಯನ್ನು ಸೇರಿ, ಅಲ್ಲಿಂದ ಹಡಗೇರಿ ಇಂಗ್ಲೆಂಡಿಗೆ ಸಾಗುತ್ತಿದ್ದವು. ಚಿಪ್ಪೆಂಡೇಲನ ಲೆಕ್ಕಪಟ್ಟಿಗಳು ಹಲವು ಉಳಿದಿವೆ. ಒಂದೊಂದು ಕುರ್ಚಿಗೂ ಅಲ್ಲಿ ಬೆಲೆಯುಂಟು. ಕೊಡಲಿ ಹಿಡಿದವರ ಹೆಸರಿಲ್ಲ.

1767ರಲ್ಲಿ ಅವನಿಗೆ ದೊರೆತ ಹೇರ್‌ವುಡ್ ಭವನದ ಕೆಲಸವೇ ಅವನ ಜೀವಮಾನದ ಅತಿ ದೊಡ್ಡ ಕೆಲಸ. ಅದರ ಒಡೆಯರಾದ ಲ್ಯಾಸೆಲ್ಸ್ ಮನೆತನದ ಐಶ್ವರ್ಯವೂ ಬಾರ್ಬಡೋಸಿನ ಸಕ್ಕರೆಯಿಂದ, ಅಂದರೆ ಗುಲಾಮರ ದುಡಿಮೆಯಿಂದಲೇ ಬಂದುದು. ಮರವೂ ಅವರ ಬೆವರು, ಹಣವೂ ಅವರ ಬೆವರು!

ಇಷ್ಟೆಲ್ಲ ಕೀರ್ತಿ ಬಂದರೂ ಚಿಪ್ಪೆಂಡೇಲನಿಗೆ ನೆಮ್ಮದಿ ಸಿಗಲಿಲ್ಲ. ಶ್ರೀಮಂತರು ಸಾಮಾನು ತರಿಸಿಕೊಳ್ಳುವುದರಲ್ಲಿ ತೋರಿದ ಅವಸರವನ್ನು ಹಣ ಕೊಡುವುದರಲ್ಲಿ ತೋರಲಿಲ್ಲ. ಪಾಲುದಾರ ಜೇಮ್ಸ್ ರ್‍ಯಾನಿ 1766ರಲ್ಲಿ ತೀರಿಕೊಂಡಾಗ ಅಂಗಡಿಯ ಸರಕನ್ನೇ ಹರಾಜು ಹಾಕಬೇಕಾಯಿತು. ಪತ್ನಿ ಕ್ಯಾಥರೀನಳು 1772ರಲ್ಲಿ ಅಗಲಿದಳು. 1779ರ ನವೆಂಬರಿನಲ್ಲಿ ಕ್ಷಯರೋಗದಿಂದ ಮೃತನಾದ ಅವನನ್ನು ಲಂಡನ್ನಿನ ಸೇಂಟ್ ಮಾರ್ಟಿನ್ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. ಅದೇ ಕಸುಬನ್ನು ಮುಂದುವರಿಸಿದ, ತಂದೆಯ ಹೆಸರನ್ನೇ ಹೊತ್ತ ಹಿರಿಯ ಮಗನು 1804ರಲ್ಲಿ ದಿವಾಳಿಯಾದನು. ಹೇರ್‌ವುಡ್ ಭವನದಲ್ಲಿ ತಂದೆಯ ಕೈಯ ಕೆಲಸ ಇಂದಿಗೂ ಉಳಿದಿದೆ.