ದೃಷ್ಟಿ ಹೋದರೂ ಕೆಲಸ ಬಿಡದ ಚಿತ್ರಗಾರ ಬಿನೋದ್ ಬಿಹಾರಿ ಮುಖರ್ಜಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದಲ್ಲಿ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಬೀಜ, ಗೊಬ್ಬರದ ವಿಚಾರ ತಿಳಿದವರು ಬರೆಯುತ್ತಾರೆ. ನಾವು ಒಬ್ಬ ಚಿತ್ರಗಾರರ ಬಗ್ಗೆ ಬರೆಯುತ್ತಿದ್ದೇವೆ. ಸಹಕಾರ ಸಂಘಕ್ಕೂ ಚಿತ್ರಕ್ಕೂ ಏನು ಸಂಬಂಧ ಅಂತ ಕೇಳಬಹುದು. ದಯಮಾಡಿ ಕೊನೆವರೆಗೆ ಓದಬೇಕು.

ಬಿನೋದ್ ಬಿಹಾರಿಯವರು ಹುಟ್ಟಿದ್ದು 1904ರ ಫೆಬ್ರವರಿ 7ರಂದು, ಕಲ್ಕತ್ತೆಯ ಬೆಹಾಲಾದಲ್ಲಿ. ಚಿಕ್ಕಂದಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರಲ್ಲಿ ಹತ್ತಿರದ್ದು ಮಾತ್ರ, ಅದೂ ದಪ್ಪ ಕನ್ನಡಕ ಹಾಕಿಕೊಂಡರೆ. ಹೀಗಾಗಿ ಶಾಲೆ ಓದು ಸರಿಯಾಗಿ ಸಾಗಲಿಲ್ಲ. 1919ರಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಕಲಾಭವನಕ್ಕೆ ಸೇರಿದರು. ಇಷ್ಟು ಕಡಿಮೆ ದೃಷ್ಟಿಯವನು ಚಿತ್ರ ಕಲಿಯುವುದು ಹೇಗೆ ಅಂತ ಗುರುಗಳಾದ ನಂದಲಾಲ್ ಬೋಸರಿಗೇ ಅನುಮಾನ. ಠಾಕೂರರು ಹುಡುಗನ ಶ್ರದ್ಧೆ ಎಂಥದು ಅಂತ ವಿಚಾರಿಸಿ, ಶ್ರದ್ಧೆಯಿದ್ದರೆ ಕಲಿಯಲು ಬಿಡಿ ಅಂದರು. ಆ ಒಂದು ಮಾತಿನಿಂದ ಜಾಗ ಸಿಕ್ಕಿತು. 1925ರ ಹೊತ್ತಿಗೆ ಅದೇ ಕಲಾಭವನದಲ್ಲಿ ಅವರೇ ಮೇಷ್ಟ್ರಾದರು. ಮುಂದೆ ಸಿನಿಮಾದಲ್ಲಿ ಹೆಸರಾದ ಸತ್ಯಜಿತ್ ರಾಯ್ ಅವರ ಶಿಷ್ಯರು.

ಇಲ್ಲೊಂದು ವಿಷಯ ಹೇಳಬೇಕು. ಪಕ್ಕದ ಸುರುಲ್ ಗ್ರಾಮದಲ್ಲಿ ಠಾಕೂರರು 1922ರಲ್ಲಿ ಶ್ರೀನಿಕೇತನವನ್ನು ಆರಂಭಿಸಿ, ರೈತರು ಸಹಕಾರದಿಂದ ಮೇಲೆ ಬರಬೇಕೆಂದು ದುಡಿದವರು. ಸಹಕಾರ ತತ್ವವೂ ಈ ಚಿತ್ರಗಾರರೂ ಬೆಳೆದದ್ದು ಒಂದೇ ನೆರಳಿನಲ್ಲಿ.

ಅವರು ಬರೆದದ್ದು ರಾಜಮಹಾರಾಜರನ್ನಲ್ಲ. ಆ ಕಡೆಯ ಕೆಮ್ಮಣ್ಣಿನ ಕೊರಕಲು, ತಾಳೆಮರ, ಊರ ಕೆರೆ, ಸಂತಾಲ ಜನ. 1940ರಲ್ಲಿ ಕಲಾಭವನದ ವಿದ್ಯಾರ್ಥಿ ನಿಲಯದ ಮಾಳಿಗೆಯ ಒಳಮೈಗೆ ಇಡೀ ಹಳ್ಳಿಯನ್ನೇ ಬರೆದರು.

ಅವರ ದೊಡ್ಡ ಕೆಲಸವೆಂದರೆ 1946-47ರಲ್ಲಿ ಅಲ್ಲಿನ ಹಿಂದಿ ಭವನದ ಮೂರು ಗೋಡೆಗಳ ಮೇಲೆ ಬರೆದ ಸಂತರ ಚಿತ್ರ. ಇದರಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ಅದು ಒಣಗುವ ಮೊದಲೇ ಬಣ್ಣ ಹಾಕಬೇಕು. ಅಂದಂದಿಗೆ ಆಗುವಷ್ಟೇ ಗಾರೆ ಹಚ್ಚಬೇಕು. ಒಣಗಿದರೆ ಬಣ್ಣ ಹಿಡಿಯದು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಹಚ್ಚಬೇಕು. ಹದ ನೋಡಿ ಬಿತ್ತುವ ನಮಗೆ ಇದರ ಕಷ್ಟ ಗೊತ್ತಾಗುತ್ತದೆ. ದೂರ ನಿಂತು ಇಡೀ ಗೋಡೆ ನೋಡಲು ಅವರ ಕಣ್ಣಿಗೆ ಶಕ್ತಿಯಿಲ್ಲ. ಗೋಡೆಯ ಅಳತೆಗೆ ದೊಡ್ಡ ನಕ್ಷೆಯನ್ನೂ ಮಾಡಿಕೊಳ್ಳದೆ, ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಹೆಂಡತಿ ಲೀಲಾ ಅವರೂ ಶಿಷ್ಯರೂ ಕೈಗೂಡಿಸಿದರು. ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು, ನೇಕಾರ ಕಬೀರರು, ಕುರುಡರೆಂದು ಜನ ನಂಬುವ ಸೂರದಾಸರು, ತುಳಸೀದಾಸರು, ಗುರು ಗೋವಿಂದ ಸಿಂಗರು, ಎಲ್ಲರೂ ಆ ಗೋಡೆಯಲ್ಲಿ ಹೊಳೆ ಹರಿದ ಹಾಗೆ ಜನರ ಮಧ್ಯೆ ಬರುತ್ತಾರೆ.

1949ರಲ್ಲಿ ನೇಪಾಳಕ್ಕೆ ಹೋಗಿ ಕಠ್ಮಂಡುವಿನ ವಸ್ತುಸಂಗ್ರಹಾಲಯ ನೋಡಿಕೊಂಡರು. ಆಮೇಲೆ ರಾಜಸ್ಥಾನದ ಬನಸ್ಥಳಿ, ಮಸ್ಸೂರಿಗಳಲ್ಲಿ ಕಲಿಸಿದರು. 1956ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಫಲಿಸದೆ ಇದ್ದ ದೃಷ್ಟಿಯೂ ಹೋಯಿತು. ಆಗ ವಯಸ್ಸು 52. ಬೇರೆ ಯಾರಾದರೂ ಆಗಿದ್ದರೆ ಮೂಲೆ ಹಿಡಿಯುತ್ತಿದ್ದರು. ಇವರು 1958ರಲ್ಲಿ ಶಾಂತಿನಿಕೇತನಕ್ಕೆ ವಾಪಸು ಬಂದು ಕಲೆಯ ಇತಿಹಾಸ ಪಾಠ ಮಾಡಿದರು. ಬೆರಳಿನಿಂದಲೇ ಅಳತೆ ನೋಡಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಗೊಂಬೆ ಮಾಡಿದರು, ಕಾಣದೆಯೇ ಗೆರೆ ಎಳೆದರು. 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ದೊಡ್ಡ ಚಿತ್ರ ಕೂಡಿಸಿದರು. ಅದೇ ವರ್ಷ ಶಿಷ್ಯ ಸತ್ಯಜಿತ್ ರಾಯ್ ಗುರುಗಳ ಮೇಲೆ ಸಾಕ್ಷ್ಯಚಿತ್ರ ತೆಗೆದರು. 1974ರಲ್ಲಿ ಪದ್ಮವಿಭೂಷಣ ಬಂತು. 1980ರ ನವೆಂಬರ್ 11ರಂದು ತೀರಿಕೊಂಡರು. ಮಗಳು ಮೃಣಾಲಿನಿ ನಾರಿನ ಹುರಿಯನ್ನು ಗಂಟು ಹಾಕಿ ಹೆಣೆದು ಆಳೆತ್ತರದ ಶಿಲ್ಪಗಳನ್ನು ಮಾಡಿ ಹೆಸರಾದರು. ಅವರೂ 2015ರಲ್ಲಿ ತೀರಿಕೊಂಡರು.

ಈಗ ನಮ್ಮ ಮಾತಿಗೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ಪೋಲಿಯೋದಿಂದ ಒಂದು ಕಾಲು ಸ್ವಾಧೀನವಿಲ್ಲದ ಹುಡುಗನೊಬ್ಬ ಹಸು ಕೊಳ್ಳಲು ನಮ್ಮ ಸಂಘಕ್ಕೆ ಸಾಲದ ಅರ್ಜಿ ಹಾಕಿದ್ದ. ಹಸು ಸಾಕೋದು ಇವನ ಕೈಲಾಗುತ್ತಾ ಅಂತ ಸಭೆಯಲ್ಲಿ ಮೊದಲು ಬಾಯಿ ಬಿಟ್ಟವರು ನಾವೇ. ಅವನನ್ನು ಕರೆಸಿ ಒಂದು ಮಾತು ಕೇಳಲಿಲ್ಲ. ಅರ್ಜಿ ಕಡತದಲ್ಲೇ ಉಳಿಯಿತು. ಅವನು ಹೆಚ್ಚಿನ ಬಡ್ಡಿಗೆ ಕೈಸಾಲ ಮಾಡಿ ಹಸು ತಂದ. ಇವತ್ತು ಎರಡು ಹೊತ್ತೂ ತಪ್ಪದೆ ಡೇರಿಗೆ ಹಾಲು ಹಾಕುತ್ತಾನೆ. ಆ ಬಡ್ಡಿ ನಮ್ಮಿಂದ ಅವನ ತಲೆಗೆ ಬಿದ್ದದ್ದು.

ಠಾಕೂರರು ಕಣ್ಣನ್ನು ನೋಡದೆ ಶ್ರದ್ಧೆಯನ್ನು ವಿಚಾರಿಸಿದರು. ನಾವು ಕಾಲು ನೋಡಿ ಸುಮ್ಮನಾದೆವು. ಇನ್ನು ಮುಂದೆ ಇಂಥ ಅರ್ಜಿ ಬಂದರೆ ಅರ್ಜಿದಾರರನ್ನು ಸಭೆಗೆ ಕರೆದು ಕೂರಿಸಿ ಕೇಳದೆ ತೀರ್ಮಾನ ಮಾಡಬಾರದು ಅಂತ ಮುಂದಿನ ಸಭೆಯಲ್ಲಿ ವಿಷಯ ಇಡುತ್ತೇವೆ. ಸದಸ್ಯರು ಬೆಂಬಲಿಸಬೇಕು. ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.