ಮಹಮ್ಮದ್ ಕಾಸಿಂ ಫೆರಿಷ್ತಾ: ಇತಿಹಾಸಕಾರ ಮತ್ತು ವೈದ್ಯಗ್ರಂಥಕರ್ತ

ವಿಜಯಪುರ ನಗರವೆಂದೊಡನೆ ಗೋಲಗುಮ್ಮಟ, ಇಬ್ರಾಹಿಂ ರೋಜಾಗಳು ನೆನಪಾಗುವುದು ಸಹಜ. ಆದಿಲಶಾಹಿ ಕಾಲದಲ್ಲಿ ಇದೇ ನಗರದಲ್ಲಿದ್ದ ಒಬ್ಬ ಪಂಡಿತನು ರಚಿಸಿದ ವೈದ್ಯಗ್ರಂಥದ ಹೆಸರು ಮಾತ್ರ ಬಹುಮಂದಿಗೆ ತಿಳಿದಿಲ್ಲ. ಅದರ ಕರ್ತೃ ಮಹಮ್ಮದ್ ಕಾಸಿಂ ಹಿಂದೂಶಾ. ಇತಿಹಾಸದಲ್ಲಿ ಈತನು ಫೆರಿಷ್ತಾ ಎಂದೇ ಪ್ರಸಿದ್ಧನು.

ಫೆರಿಷ್ತಾ 16ನೆಯ ಶತಮಾನದ ಉತ್ತರಾರ್ಧದಲ್ಲಿ ಇರಾನಿನ ಅಸ್ತರಾಬಾದಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆ ಗುಲಾಂ ಅಲಿ ಹಿಂದೂಶಾನೊಡನೆ ಅಹಮದ್‌ನಗರಕ್ಕೆ ಬಂದು, ಮುಂದೆ ಮುರ್ತಜಾ ನಿಜಾಮಶಾಹನ ಅಂಗರಕ್ಷಕ ಪಡೆಯಲ್ಲಿ ಅಧಿಕಾರಿಯಾದನು. ಅಲ್ಲಿನ ಅರಮನೆಯ ಕಲಹಗಳಲ್ಲಿ ಪ್ರಾಣ ಉಳಿಸಿಕೊಂಡು 1589ರಲ್ಲಿ ವಿಜಯಪುರವನ್ನು ಸೇರಿದನು. ಎರಡನೆಯ ಇಬ್ರಾಹಿಂ ಆದಿಲಶಾಹನ ಆಜ್ಞೆಯಂತೆ ಭಾರತದ ಮುಸ್ಲಿಂ ಅರಸರ ಇತಿಹಾಸವನ್ನು ಬರೆದನು. ಪಾರ್ಸಿ ಭಾಷೆಯ ಈ ‘ಗುಲ್ಶನ್-ಎ-ಇಬ್ರಾಹಿಮಿ’ಯನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಫೆರಿಷ್ತಾನ ಕೀರ್ತಿಯೆಲ್ಲ ಈ ಒಂದು ಕೃತಿಯ ಮೇಲೆ ನಿಂತಿದೆ.

ಆದರೆ ಜನಜೀವನದ ದೃಷ್ಟಿಯಿಂದ ಈತನ ‘ದಸ್ತೂರ್-ಉಲ್-ಅತಿಬ್ಬಾ’ ಕಡಿಮೆ ಮಹತ್ವದ್ದಲ್ಲ. ಇದಕ್ಕೆ ‘ಇಖ್ತಿಯಾರಾತ್-ಎ-ಕಾಸಿಮಿ’ ಎಂಬ ಹೆಸರೂ ಉಂಟು. ಯುನಾನಿ ಪದ್ಧತಿಯ ಗ್ರಂಥಗಳನ್ನು ಓದಿದ್ದ ಫೆರಿಷ್ತಾ ಈ ನಾಡಿನ ವೈದ್ಯರ ಶಾಸ್ತ್ರವನ್ನು ಅಭ್ಯಾಸಮಾಡಿ, ಅದರ ತತ್ತ್ವವೂ ಪ್ರಯೋಗವೂ ದೃಢವಾಗಿವೆಯೆಂದು ಕಂಡುಕೊಂಡನು. ತನ್ನ ಸಹಧರ್ಮೀಯರಿಗೆ ಅದು ತಿಳಿಯಲೆಂದು ಪಾರ್ಸಿಯಲ್ಲಿ ಬರೆದನು. ಧಾತು ಮತ್ತು ದೋಷಗಳ ಪೀಠಿಕೆ, ಬಿಡಿ ಔಷಧಿ ಹಾಗೂ ಆಹಾರ ಪದಾರ್ಥಗಳು, ಕೂಡಿಸಿದ ಔಷಧಿಗಳು, ರೋಗಗಳ ಚಿಕಿತ್ಸೆ, ಕೊನೆಗೆ ರುಚಿಗಳು ಮತ್ತು ಪ್ರದೇಶಗಳ ಗುಣ, ಹೀಗೆ ಗ್ರಂಥವು ಸಾಗುತ್ತದೆ.

ಈ ಪ್ರಯತ್ನ ಹೊಸತೇನಲ್ಲ. ಸಿಕಂದರ್ ಲೋದಿಯ ಮಂತ್ರಿ ಮಿಯಾನ್ ಭುವಾ 1512ರಲ್ಲಿಯೇ ಸಂಸ್ಕೃತ ವೈದ್ಯಗ್ರಂಥಗಳನ್ನು ಆಧರಿಸಿ ಪಾರ್ಸಿಯಲ್ಲಿ ಬೃಹತ್ ಗ್ರಂಥವೊಂದನ್ನು ಸಿದ್ಧಪಡಿಸಿದ್ದನು. ಯುನಾನಿ ಔಷಧಿಗಳ ಹೆಸರು ಇಲ್ಲಿಯವರಿಗೆ ಅಪರಿಚಿತ, ಆ ಚಿಕಿತ್ಸೆ ಇಲ್ಲಿಯವರ ದೇಹಪ್ರಕೃತಿಗೆ ಒಗ್ಗದು ಎಂಬುದು ಅವನ ಕಾರಣವಾಗಿತ್ತು. ಇರಾನಿನಿಂದ ಬಂದವರೂ ದಖನಿಗಳೂ ಅಧಿಕಾರಕ್ಕಾಗಿ ಸೆಣಸುತ್ತಿದ್ದ ವಿಜಯಪುರದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿರಬೇಕು. ಹಕೀಮನು ಬರೆದುಕೊಟ್ಟ ಔಷಧಿ ಪೇಟೆಯಲ್ಲಿ ಯಾವ ಹೆಸರಿನಿಂದ ದೊರೆಯುತ್ತದೆಂದು ತಿಳಿಯದಿದ್ದರೆ ರೋಗಿಗೆ ಅದರಿಂದ ಏನು ಪ್ರಯೋಜನ? ಯುನಾನಿ ಪದ್ಧತಿ ನಾಲ್ಕು ದೇಹರಸಗಳನ್ನು ಎಣಿಸಿದರೆ ಆಯುರ್ವೇದವು ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳನ್ನು ಹೇಳುತ್ತದೆ. ಪರದೇಶದಿಂದ ಬಂದ ಪಂಡಿತನೊಬ್ಬನು ತನ್ನವರ ಶಾಸ್ತ್ರವೇ ಮೇಲೆಂದು ಸಾಧಿಸಹೊರಡದೆ, ನೆಲೆಸಿದ ನಾಡಿನ ವೈದ್ಯರಲ್ಲಿ ವಿದ್ಯೆಯನ್ನು ಅರಸಿದ್ದು ವಿಶೇಷ.

ಪ್ರದೇಶಗುಣದ ವಿಚಾರ ಈ ಜಿಲ್ಲೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ವಿಭಾಗಿಸುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ಮಳೆ ಕಡಿಮೆಯಾದ ಬಯಲು ಜಾಂಗಲದ ಲಕ್ಷಣಕ್ಕೆ ಸಮೀಪವಾದುದು. ಫೆರಿಷ್ತಾನ ಕಾಲದಲ್ಲಿಯೇ, 1599ರಲ್ಲಿ, ಇಬ್ರಾಹಿಮನು ನಗರದ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವನ್ನು ಕಟ್ಟಿಸತೊಡಗಿದನು. ತೊರವಿಯಿಂದ ನಗರಕ್ಕೆ ನೀರು ತಂದ ಕಾಲುವೆಯ ಅವಶೇಷಗಳು ಇಂದಿಗೂ ಇವೆ. ಒಣನಾಡಿನ ರಾಜಧಾನಿಯ ಆರೋಗ್ಯದಲ್ಲಿ ಹಕೀಮರಷ್ಟೇ ಪಾಲು ಈ ನೀರಿಗೂ ಇತ್ತೆನ್ನಬಹುದು.

1604ರಲ್ಲಿ ಇಬ್ರಾಹಿಮನ ಮಗಳು ಅಕ್ಬರನ ಮಗ ದಾನಿಯಾಲನನ್ನು ವರಿಸಲು ಹೊರಟಾಗ ಫೆರಿಷ್ತಾ ಅವಳೊಡನೆ ಬುರ್ಹಾನ್‌ಪುರಕ್ಕೆ ಹೋಗಿದ್ದನು. ಈತನ ವೈದ್ಯಗ್ರಂಥದ ಹಸ್ತಪ್ರತಿಗಳು ಹಲವು ಗ್ರಂಥಾಲಯಗಳಲ್ಲಿ ಉಳಿದುಬಂದಿವೆ.